ಸರ್ವಾನುಮತದ ಬಸವನಹುಳುಗಳು

ಸೌತೆಕಾಯಿ ಬಿಲ್ಲೆಗಳು ಮೆತ್ತಗೆ ಬೆಂದಿದ್ದವು. ಅವಳು ಅವನ್ನು ಜರಡಿಗೆ ಬಸಿದು ಮೇಲೆ ತಣ್ಣೀರು ಬಿಡುತ್ತಿದ್ದಾಗ ಹೊರಗೆ ಮೆಟ್ಟಿಲ ಕಡೆಯಿಂದ ಯಾರೋ ಗಂಡಸು ಕಿರುಚಿದ ಸದ್ದು, ಹಿಂದೆಯೇ ಹೂಕುಂಡವೊಂದು ಉರುಳಿದ ಸದ್ದು ಕೇಳಿತು. ಅವಳು ನಲ್ಲಿ ನಿಲ್ಲಿಸಲಿಲ್ಲ. ಬೆಳಗಿನ ಹೊತ್ತು ಗಂಡಸರು ಕಿರುಚುವುದು ಹೆಚ್ಚಾಗಿ ಕಾಲುಚೀಲದ ಜೋಡಿ ಸಿಗದಾಗ. ಅದಕ್ಕೆಲ್ಲ ಓಡಿ ಹೋಗುತ್ತಿದ್ದರೆ ಹೆಂಗಸರಿಗೆ ಬೇರೆ ಕೆಲಸ ಸಾಗುವುದಿಲ್ಲ ಎಂಬುದು ಅವಳ ಇಷ್ಟು ವರ್ಷದ ಅನುಭವ.

"ಯಾರೋ ಬಿದ್ದ ಹಾಗಾಯ್ತು, ನೋಡೇ," ಎಂದರು ಊಟದ ಮೇಜಿನ ಮೇಲೆ ಪೇಪರು ಹರಡಿಕೊಂಡಿದ್ದ ಅತ್ತೆ.

"ನೋಡ್ತೀನಿ ಅತ್ತೆ. ಇದೊಂದು ಹಾಕಿ ಬರ್ತೀನಿ."

"ಹಾಕು, ಹಾಕು. ಮನೆಯವರ ಕಾಫಿ ಆರಿದ್ರೂ ಪರವಾಗಿಲ್ಲ, ಆ ಲೋಳೆ ಸಂತಾನಕ್ಕೆ ಹೊತ್ತು ಮೀರಬಾರದು."

ಲೋಳೆ ಸಂತಾನ ಇದ್ದದ್ದು ಅಡುಗೆಮನೆಗೂ ಬಚ್ಚಲುಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ, ಒಂದು ಗಾಜಿನ ತೊಟ್ಟಿಯಲ್ಲಿ. ಹಳದಿ, ನೀಲಿ, ನೇರಳೆ ಬಣ್ಣದ ಬಸವನಹುಳುಗಳು. ಕೆಲವು ನಿಂಬೆಹಣ್ಣಿನಷ್ಟು ದಪ್ಪ, ಕೆಲವು ಇನ್ನೂ ಸಾಸಿವೆಕಾಳು. ತೊಟ್ಟಿಯನ್ನು ತಂದದ್ದು ಗಂಡ. ಮೀನು ನೋಡುತ್ತಿದ್ದರೆ ರಕ್ತದೊತ್ತಡ ಇಳಿಯುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದ್ದನ್ನು ನೋಡಿ ಇದ್ದ ಒತ್ತಡ ಇನ್ನಷ್ಟು ಏರಿತು. ಅಲ್ಲಿಗೆ ಅವನ ಆಸಕ್ತಿ ಮುಗಿಯಿತು. ನೀರುಗಿಡಕ್ಕೆ ಅಂಟಿಕೊಂಡು ಬಂದಿದ್ದ ಬಟಾಣಿಯಂಥ ಒಂದು ಬಸವನಹುಳು ಮಾತ್ರ ಉಳಿಯಿತು. ಅವಳು ಅದನ್ನು ಎಸೆಯಲಿಲ್ಲ, ಅಷ್ಟೇ. ಆಮೇಲೆ ತಾನಾಗಿಯೇ ಒಂದೊಂದು ಕಲಿತಳು: ತರಕಾರಿ ಬೇಯಿಸಿ ಕೊಡಬೇಕು, ಚಿಪ್ಪು ಗಟ್ಟಿಯಾಗಲು ಮೊಟ್ಟೆಯ ಓಡು ಪುಡಿ ಮಾಡಿ ಹಾಕಬೇಕು, ನಲ್ಲಿ ನೀರನ್ನು ಒಂದು ದಿನ ಹಾಗೇ ಬಿಟ್ಟು ಸುರಿಯಬೇಕು. ಬಟಾಣಿ ನಿಂಬೆಹಣ್ಣಾಯಿತು, ಮೀನಿನ ಅಂಗಡಿಯಿಂದ ತಂದ ಒಂದು ನೀಲಿ, ಒಂದು ನೇರಳೆ ಅದಕ್ಕೆ ಜೊತೆಯಾದವು, ಒಂದು ಸಂಸಾರವಾಯಿತು. ಯಾರೂ ಹೇಳದೆ, ಯಾರನ್ನೂ ಕೇಳದೆ ಅವಳು ಮಾಡಿದ್ದು ಈ ಮನೆಯಲ್ಲಿ ಇದೊಂದೇ. ಮೊದಲು ಬಂದ ಆ ಹಳದಿಗೆ ಅವಳಿಟ್ಟ ಹೆಸರು ಅಜ್ಜಿ.

ಬಿಲ್ಲೆ ಹಾಕಲು ಹೋದವಳು ನಿಂತುಬಿಟ್ಟಳು. ತೊಟ್ಟಿಯ ಮುಚ್ಚಳ ಅಂಗೈಯಗಲ ಸರಿದಿತ್ತು. ಹಿಂದಿನ ಸಂಜೆ ಗಂಡ ತನ್ನ ಜೊತೆಗೆಲಸದವರೊಬ್ಬರನ್ನು ಕರೆತಂದು, ಮುಚ್ಚಳ ಎತ್ತಿ, "ಸಣ್ಣದೊಂದು ಹವ್ಯಾಸ, ಸಾರ್. ಮನಸ್ಸಿಗೆ ನೆಮ್ಮದಿ," ಎಂದು ತೋರಿಸಿದ್ದ. ಯಾರ ಹವ್ಯಾಸ ಎಂದು ಅವನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನೆಮ್ಮದಿ ತೋರಿಸಿದವನಿಗೆ ಅದನ್ನು ಮುಚ್ಚಿಡುವುದು ಮರೆತುಹೋಗಿತ್ತು.

ಅಜ್ಜಿ ತೊಟ್ಟಿಯಲ್ಲಿ ಇರಲಿಲ್ಲ.

ಅವಳು ಮಂಡಿಯೂರಿ ನೆಲ ಹುಡುಕಿದಳು. ಒಣಗಿದ ಲೋಳೆಯ ಗೆರೆ ಗೋಡೆಯಿಂದ ಇಳಿದು, ನಡುಮನೆ ಹಾದು, ಯಾವ ಅವಸರವೂ ಇಲ್ಲದೆ ಬಾಗಿಲ ಕೆಳಗಿನ ಸಂದಿಯಲ್ಲಿ ಮಾಯವಾಗಿತ್ತು. ಅಷ್ಟರಲ್ಲಿ ಕರೆಗಂಟೆ ಹೊಡೆದುಕೊಳ್ಳತೊಡಗಿತು.

ಬಾಗಿಲಲ್ಲಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು. ಆ ಕಾಲಿನ ಬೂಟನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ದೂರ ಹಿಡಿದಿದ್ದರು. ಕಟ್ಟಡದವರೆಲ್ಲ ಬೆನ್ನ ಹಿಂದೆ ಅವರನ್ನು ಕರೆಯುವುದು ಸುತ್ತೋಲೆ ಸಾಹೇಬರು ಎಂದು. ಒದ್ದೆ ಬಟ್ಟೆ ಎಷ್ಟು ಹಿಂಡಿ ಒಣಹಾಕಬೇಕು, ಲಿಫ್ಟಿನ ಗುಂಡಿಯನ್ನು ಎಷ್ಟು ಒತ್ತಬೇಕು, ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತು ಮಾತಾಡಬಹುದು, ಎಲ್ಲಕ್ಕೂ ಅವರದೊಂದು ಸುತ್ತೋಲೆ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಸುತ್ತೋಲೆಗಳು ಹೆಚ್ಚಾಗಿದ್ದವು.

"ಇದು ನಿಮ್ಮದಾ?"

"ಬೂಟು ನಮ್ಮದಲ್ಲ ಸಾರ್."

"ಒಳಗೆ ನೋಡಿ."

ಒಳಗೆ ಅಜ್ಜಿ, ತನ್ನ ಚಿಪ್ಪಿನ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿತ್ತು.

"ರಾತ್ರಿ ತೊಳೆದು ಹೊರಗಿಟ್ಟಿದ್ದೆ. ಬೆಳಿಗ್ಗೆ ವಾಕಿಂಗಿಗೆ ಅಂತ ಕಾಲು ಹಾಕ್ದೆ. ತಣ್ಣಗೆ ಏನೋ ಹೆಬ್ಬೆರಳು ಮುಟ್ಟಿತು. ನನ್ನ ವಯಸ್ಸಿಗೆ ಇದು ಬೇಕಾ, ನೀವೇ ಹೇಳಿ."

"ಅಯ್ಯೋ. ಪೆಟ್ಟಾಯ್ತಾ?"

"ಮಂಡಿ ಸ್ವಲ್ಪ ತರಚಿದೆ. ಸೊಂಟ ಒಂದು ಕಡೆ..." ಎಂದು ಶುರು ಮಾಡಿದವರು ತಲೆ ಎತ್ತಿ ನೋಡಿದರೆ, ಅವಳು ಬೂಟಿನೊಳಗೆ ಬಗ್ಗಿ ಕೇಳುತ್ತಿದ್ದಳು. ಅವರ ಮುಖ ಕಾದ ಬಾಣಲೆಯ ಬಣ್ಣಕ್ಕೆ ತಿರುಗಿತು. "ಇದಕ್ಕೆ ಸುತ್ತೋಲೆ ಸಾಲದು," ಎಂದರು. "ತುರ್ತು ಸಭೆನೇ ಆಗ್ಬೇಕು."

ಸಭೆ ಸೇರಿದ್ದು ತಾರಸಿಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ. ಸಂಘದ ಪದ್ಧತಿ ಒಂದೇ: ಮನೆಗೆ ಒಂದು ಕೈ. ಆ ಕೈ ಮನೆಯ ಯಾರದಾದರೂ ಆಗಬಹುದು. ಆದರೆ ಆ ಹೊತ್ತಿಗೆ ಹೆಚ್ಚಿನ ಹೆಂಗಸರ ಕೈಗಳು ಹಿಟ್ಟಿನಲ್ಲೋ ಸಾಬೂನಿನಲ್ಲೋ ಇರುತ್ತಿದ್ದವು. ಇವಳು ಒಲೆ ಆರಿಸಿ ಹೊರಡಲು ನೋಡಿದಳು. ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನೀ ಬರ್ಬೇಡ. ನೀ ಬಂದ್ರೆ ಮಾತಿಗೆ ಮಾತು ಬೆಳೆಯತ್ತೆ. ನಾನ್ ನೋಡ್ಕೋತೀನಿ," ಎಂದ.

"ಬೂಟು ಒದ್ದೆ ಇತ್ತು, ಅದಕ್ಕೆ ಹೋಗಿತ್ತು ಅಂತ ಹೇಳಿ. ಮುಚ್ಚಳಕ್ಕೆ ಇನ್ಮೇಲೆ ಕಲ್ಲು ಇಡ್ತೀವಿ ಅಂತ ಹೇಳಿ. ಮುಚ್ಚಳ ತೆಗೆದದ್ದು ಯಾರು ಅಂತ..."

"ಹೇಳ್ತೀನಿ, ಹೇಳ್ತೀನಿ."

ವಾಪಸು ಬಂದಾಗ ಅವನ ಮುಖ ನಿರಾಳವಾಗಿತ್ತು.

"ತುಂಬ ಚೆನ್ನಾಗಾಯ್ತು. ಒಬ್ರೂ ಕಿತ್ತಾಡ್ಲಿಲ್ಲ."

"ಏನಂತ ಆಯ್ತು?"

"ಸಂಜೆ ಪರಿಶೀಲನೆಗೆ ಬರ್ತಾರೆ. ಅಷ್ಟರೊಳಗೆ ಒಂದೂ ಇರಬಾರದು ಅಂತ. ಸರ್ವಾನುಮತ."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಸರ್ವಾನುಮತ ಅಂದ್ರೆ, ನೀವೂ ಎತ್ತಿದ್ರಾ?"

"ಎಲ್ಲರೂ ಎತ್ತಿದಾಗ ನಾನೊಬ್ಬ ಜೇಬಲ್ಲಿಟ್ಕೊಂಡು ನಿಂತ್ರೆ ಚೆನ್ನಾಗಿರತ್ತಾ? ಅಲ್ದೆ, ನಾನು ಎತ್ತದೇ ಇದ್ರೆ ಅದು ಸರ್ವಾನುಮತ ಆಗ್ತಾನೇ ಇರ್ಲಿಲ್ಲ."

"ಅದು ನನ್ನ ಕೈಯೂ ಹೌದಲ್ವಾ?"

"ಹೌದು. ಅದಕ್ಕೇ ಸ್ವಲ್ಪ ನಿಧಾನವಾಗಿ ಎತ್ತಿದೆ."

ಮದುವೆಯಾದಂದಿನಿಂದ ಆ ಕೈ ಅವಳ ಪರವಾಗಿ ಎಷ್ಟು ಸಲ ಎದ್ದಿತ್ತೋ. ಮನೆಗೆ ಬಳಿಯುವ ಬಣ್ಣಕ್ಕೆ, ಅವಳ ತವರಿನವರು ಬಂದಿರಬಹುದಾದ ದಿನಗಳಿಗೆ, ಅವಳು ಬಿಟ್ಟ ಕೆಲಸಕ್ಕೆ. ಆಗೆಲ್ಲ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಬಂದದ್ದು ಈ ಹುಳುಗಳಿಗೆ. ಅದು ತನಗೇ ವಿಚಿತ್ರವೆನಿಸಿ, ಆ ವಿಚಿತ್ರಕ್ಕೂ ಸೇರಿಸಿ ಇನ್ನಷ್ಟು ಸಿಟ್ಟು ಬಂತು.

"ಅವನ್ನ ಎಲ್ಲಿಗೆ ಕಳಿಸ್ಲಿ ಈಗ?"

"ಬಕೆಟ್ಟಲ್ಲಿ ತುಂಬಿ ಯಾವುದಾದ್ರೂ ಕೆರೆಗೆ ಬಿಟ್ರಾಯ್ತು."

"ಕೆರೆಗೆ ಬಿಡಬಾರದು. ಇವು ಹೊರಗಿನವು. ಕೆರೆಯಲ್ಲಿರೋ ಗಿಡ, ಹುಳ ಎಲ್ಲ ಹಾಳು ಮಾಡ್ತವೆ."

"ನೋಡಿದ್ಯಾ, ಸಭೇಲಿ ಅವರು ಹೇಳಿದ್ದೂ ಅದೇ," ಎಂದು ಚೀಲ ಹೆಗಲಿಗೇರಿಸಿ ಅವನು ಆಫೀಸಿಗೆ ಹೋದ.

ಅವಳು ಮೀನಿನ ಅಂಗಡಿಗೆ ಫೋನು ಮಾಡಿದಳು. "ಅಕ್ಕಾ, ನಮ್ಮಲ್ಲೇ ಅವು ಗೋಡೆ ಹತ್ತಿ ದೇಶಾಂತರ ಹೋಗ್ತಿವೆ. ನಿಮ್ಮವನ್ನೂ ತಂದ್ರೆ ನಾನೇ ದೇಶಾಂತರ ಹೋಗ್ಬೇಕಾಗತ್ತೆ," ಎಂದು ಅವನು ನಕ್ಕ. ದೊಡ್ಡ ಪಾತ್ರೆ, ಬಾಟಲಿ, ಬೋಗುಣಿಗಳನ್ನು ಹೊರತೆಗೆದು ಅವಳು ನೆಲದ ಮೇಲೆ ಕೂತಳು. ಅತ್ತೆ ಪೇಪರಿನ ಮರೆಯಿಂದ, "ಬಿಸಿನೀರು ಹುಯ್ದು ಬಿಡೋದಪ್ಪ," ಎಂದರು. ಅವಳು ತಿರುಗಿ ನೋಡಿದ ನೋಟಕ್ಕೆ ಅವರು ಮತ್ತೆ ಪೇಪರಿನೊಳಗೆ ಹೋದರು.

ಮಧ್ಯಾಹ್ನ ಬಾಗಿಲನ್ನು ಯಾರೋ ಉಗುರಿನಿಂದ ಕೆರೆದಂತೆ ತಟ್ಟಿದರು. ನೋಡಿದರೆ ಕೆಳಗಿನ ಮಹಡಿಯ ಬ್ಯೂಟಿ ಪಾರ್ಲರಿನಾಕೆ, ಸೆರಗಿನ ಕೆಳಗೆ ಒಂದು ಬಟ್ಟಲು.

"ಅಕ್ಕಾ, ಒಂದು ನಾಲ್ಕು ಕೊಡ್ತೀರಾ? ನುಣ್ಣಗಿರೋವು. ಮುಖದ ಮೇಲೆ ಬಿಟ್ರೆ ಸುಕ್ಕು ಹೋಗತ್ತಂತೆ."

"ನಿಮ್ಮನೇಲಿ ಕೈ ಎತ್ತಿದ್ದು ಯಾರು?"

"ನಾನೇ. ಅದು ಸಂಘಕ್ಕೆ ಎತ್ತಿದ್ದು ಅಕ್ಕಾ. ಇದು ಅಂಗಡಿಗೆ."

"ಇವು ನೀರಿನವು. ಮುಖದ ಮೇಲೆ ಬಿಟ್ರೆ ಬಾಗಿಲು ಹಾಕ್ಕೊಂಡು ಕೂತುಬಿಡ್ತವೆ."

"ಕೂತ್ಕೊಳ್ಳಿ ಬಿಡಿ. ನನ್ನ ಗಿರಾಕಿಗಳೂ ಕೂತೇ ಇರ್ತಾರೆ."

ಮುಖದ ಮೇಲೆ ಬಿಡುವುದಿಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ಬರಿದೇ ತೋರಿಸುವುದು ಎಂದು ಮಾತು ತೆಗೆದುಕೊಂಡು ಅವಳು ಬಟ್ಟಲು ತುಂಬಿಸಿ ಕೊಟ್ಟಳು. ಬೇರೆ ದಾರಿ ಇರಲಿಲ್ಲ. ಸಂಜೆಯಾದರೆ ಅವಕ್ಕೆ ಮನೆಯೇ ಇರುತ್ತಿರಲಿಲ್ಲ.

ಆಕೆ ಇಳಿದು ಹೋಗುವುದನ್ನೇ ಕಾಯುತ್ತಿದ್ದಂತೆ ಎದುರು ಮನೆಯ ಬಾಗಿಲು ತೆರೆಯಿತು. ಆ ಮನೆಯಾಕೆಯ ಮೀನಿನ ತೊಟ್ಟಿ ಪಾಚಿ ಕಟ್ಟಿ ಒಳಗೆ ಮೀನಿವೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲವಂತೆ. ಪಾಚಿ ತಿಂದು ಹಾಕಲು ಎರಡು ಹುಳು ಸಾಕಂತೆ. ಆಮೇಲೆ ಮನೆಪಾಠದ ಮೇಷ್ಟ್ರು ಬಂದರು. ಮಕ್ಕಳಿಗೆ ಸುರುಳಿಯ ಲೆಕ್ಕ ತೋರಿಸಲು ಒಂದು ಜೀವಂತ ಉದಾಹರಣೆ ಬೇಕಿತ್ತು. "ಬೆಳಿಗ್ಗೆ ಮಕ್ಕಳ ಆರೋಗ್ಯಕ್ಕೆ ಅಪಾಯ ಅಂದ್ರಂತಲ್ಲ ಮೇಷ್ಟ್ರೇ?" ಎಂದು ಇವಳು ಕೇಳಿದ್ದಕ್ಕೆ, "ಆರೋಗ್ಯಕ್ಕೆ ಅಪಾಯ. ವಿದ್ಯೆಗೆ ಒಳ್ಳೇದು," ಎಂದರು.

ಒಬ್ಬರ ಹಿಂದೆ ಒಬ್ಬರು. ಬೆಳಿಗ್ಗೆ ತಾರಸಿಯ ಮೇಲೆ ಎದ್ದ ಕೈಗಳೇ ಈಗ ಬಾಟಲಿ ಹಿಡಿದು ಬಾಗಿಲಿಗೆ ಬರುತ್ತಿದ್ದವು. ಎಲ್ಲರದೂ ಒಂದೇ ಮಾತು: ಯಾರಿಗೂ ಹೇಳಬೇಡಿ. ಇಷ್ಟರಲ್ಲಿ ಅತ್ತೆ ಪೇಪರು ಮಡಿಸಿಟ್ಟು ಓಣಿಗೆ ಕುರ್ಚಿ ಎಳೆದುಕೊಂಡು ಬಂದಿದ್ದರು. ಮೊದಲು ಸುಮ್ಮನೆ ನೋಡಿದರು. ನೋಡುತ್ತ ನೋಡುತ್ತ ತರಕಾರಿ ಅಂಗಡಿಯ ಯಜಮಾನಿಯೇ ಆಗಿಬಿಟ್ಟರು.

"ಆ ನೇರಳೆದು ತಗೊಳ್ಳಮ್ಮ, ಒಳ್ಳೇ ಜಾತಿ. ಆರಿಸೋದು ಬೇಡ, ಮುಟ್ಟಿ ಮುಟ್ಟಿ ಬಿಡಬೇಡಿ. ಸೊಸೆ ಎಷ್ಟು ಕಷ್ಟಪಟ್ಟು ಸಾಕಿದಾಳೆ."

ಸಾಕಿದಾಳೆ ಎಂಬ ಮಾತು ಈ ಮನೆಯಲ್ಲಿ ಕೇಳಲು ತೊಟ್ಟಿ ಖಾಲಿಯಾಗಬೇಕಾಯಿತು. ಆದರೆ ಅಳಲು ಬಿಡುವಿರಲಿಲ್ಲ. ಮತ್ತೊಬ್ಬರು ಬೋಗುಣಿ ಹಿಡಿದು ನಿಂತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ತೊಟ್ಟಿಯಲ್ಲಿ ಉಳಿದದ್ದು ಅಜ್ಜಿ ಒಂದೇ. ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅಡುಗೆಮನೆಯ ಕಪಾಟಿನ ಹಿಂದೆ, ಅಗಲವಾದ ಡಬ್ಬಿಯಲ್ಲಿ ನೀರು ತುಂಬಿ, ಪರಿಶೀಲನೆ ಮುಗಿಯುವವರೆಗೆ ಬಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅವಳು ಡಬ್ಬಿ ತೊಳೆಯುತ್ತಿದ್ದಾಗ ಅತ್ತೆ ಕೂಗಿದರು: "ನೋಡೇ, ಸುತ್ತೋಲೆ ಬಂದಿದಾರೆ."

ಪರಿಶೀಲನೆಗೆ ಇನ್ನೂ ಹೊತ್ತಿತ್ತು. ಸಾಹೇಬರು ಒಬ್ಬರೇ ಬಂದಿದ್ದರು. ಕಂಕುಳಲ್ಲಿ ಪೇಪರು ಸುತ್ತಿದ ಏನೋ ದುಂಡಗಿನದು. ಒಳಗೆ ಬಂದು ಬಾಗಿಲು ಹಾಕಿದರು.

"ಅದು ಇದೆಯಾ?"

"ಯಾವುದು?"

"ಬೂಟಿಂದು."

ಅವಳು ಒದ್ದೆ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು.

"ಇಷ್ಟು ಮನೆ ಇದೆ. ಬಾಗಿಲ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟಿರ್ತಾರೆ. ಅಷ್ಟನ್ನೂ ಬಿಟ್ಟು ಮೆಟ್ಟಿಲು ದಾಟಿ ನನ್ನ ಬೂಟಿಗೇ ಯಾಕೆ ಬಂತು ಹೇಳಿ. ಬೆಳಗಿಂದ ಅದೇ ಯೋಚನೆ. ನಮ್ಮನೆಗೆ ಅಂತ ಯಾರಾದ್ರೂ ಬಂದು ವರ್ಷಗಳೇ ಆದ್ವು."

"ಬೂಟು ಒದ್ದೆ ಇತ್ತು ಸಾರ್."

"ಇರಬಹುದು," ಎಂದರು ಸಾಹೇಬರು. ನಂಬಿದ ಹಾಗೆ ಕಾಣಲಿಲ್ಲ. ಪೇಪರು ಬಿಚ್ಚಿದರು. ದೊಡ್ಡ ಗಾಜಿನ ಭರಣಿ, ತಳದಲ್ಲಿ ತೊಳೆದ ಮರಳು, ಒಂದು ನೀರುಗಿಡ. ಇಡೀ ಮಧ್ಯಾಹ್ನ ಅದಕ್ಕೇ ಕಳೆದಿದ್ದರೆಂದು ಕಾಣುತ್ತಿತ್ತು. "ಸ್ವಲ್ಪ ದಿನ ಇಟ್ಕೊಂಡು ನೋಡ್ತೀನಿ."

"ಅದೊಂದು ಕೊಡಲ್ಲ ಸಾರ್. ಅದು ನಂದು."

ಅವಳ ಬಾಯಲ್ಲಿ ನಂದು ಎಂಬ ಮಾತು ಎಷ್ಟು ಅಪರೂಪವೆಂದರೆ ಅತ್ತೆ ಕುರ್ಚಿಯಲ್ಲೇ ತಿರುಗಿ ನೋಡಿದರು.

"ಕೊಡಬೇಡಿ. ಬಲವಂತ ಇಲ್ಲ," ಎಂದರು ಸಾಹೇಬರು ಮೆಲ್ಲಗೆ. "ಆದ್ರೆ ಸಂಜೆ ನಾನು ಇನ್ನಿಬ್ಬರ ಜೊತೆ ಬರ್ಬೇಕು. ಕಪಾಟಿನ ಹಿಂದೆ ಎಲ್ಲ ನೋಡ್ಬೇಕಾಗತ್ತೆ. ಅವರ ಮುಂದೆ ಸಿಕ್ಕಿದ್ರೆ ನಾನೂ ಏನೂ ಮಾಡಕ್ಕಾಗಲ್ಲ. ಮೋರಿಗೇ ಹೋಗತ್ತೆ."

ಕೊಟ್ಟಳು. ಅಜ್ಜಿಯನ್ನು ಅಂಗೈಯಲ್ಲಿ ಇಳಿಸಿಕೊಂಡು, ಭರಣಿಗೆ ತೊಟ್ಟಿಯ ನೀರನ್ನೇ ಮೊಗೆದು ಹಾಕಿ, "ನಲ್ಲಿ ನೀರು ನೇರ ಹಾಕ್ಬೇಡಿ, ಒಂದು ದಿನ ಬಿಟ್ಟು ಹಾಕಿ," ಎಂದಳು. ಸಿಟ್ಟಿನಲ್ಲಿ ಅವಳ ಕಿವಿ ಸುಡುತ್ತಿತ್ತು. ಸಾಹೇಬರು ಭರಣಿಯನ್ನು ಎದೆಗವಚಿಕೊಂಡು ಹೋಗುವಾಗ ಬಾಗಿಲಲ್ಲಿ ಒಮ್ಮೆ ಎಡವಿದರು. ಈ ಸಲ ಅವಳು ಪೆಟ್ಟಾಯ್ತಾ ಎಂದು ಯಾರನ್ನೂ ಕೇಳಲಿಲ್ಲ.

ಪರಿಶೀಲನೆ ಬಹಳ ಶಿಸ್ತಿನಿಂದ ನಡೆಯಿತು. ಸಾಹೇಬರು, ಮೇಷ್ಟ್ರು, ಎದುರು ಮನೆಯಾಕೆ ಮೂವರೂ ಖಾಲಿ ತೊಟ್ಟಿಯ ಮುಂದೆ ಸಾಲಾಗಿ ನಿಂತು ಬಗ್ಗಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ತೃಪ್ತಿಕರ," ಎಂದರು ಸಾಹೇಬರು. ಆಫೀಸಿನಿಂದ ಆಗತಾನೇ ಬಂದಿದ್ದ ಗಂಡ, "ನಮ್ಮನೇಲಿ ಯಾವತ್ತೂ ಅಷ್ಟೇ ಸಾರ್, ಸಂಘದ ಮಾತು ಅಂದ್ರೆ ಮಾತು," ಎಂದ.

ಅವರು ಇಳಿದು ಹೋಗುತ್ತಿದ್ದ ಹಾಗೆಯೇ ಕೆಳಗಿನ ಮಹಡಿಯಲ್ಲಿ ಗದ್ದಲವೆದ್ದಿತು. ಪಾರ್ಲರಿನಲ್ಲಿ ಗಿರಾಕಿಯೊಬ್ಬಳು ತೊಟ್ಟಿ ನೋಡಿ ಚೀರಿದ್ದಳು. ವಿಚಾರಿಸಲು ಬಂದವರ ಪೈಕಿ ಒಬ್ಬರ ಮನೆಯ ಮಗು, "ನಮ್ಮನೇಲೂ ಇದೆ, ನೀಲಿದು," ಎಂದುಬಿಟ್ಟಿತು. ಅದಕ್ಕೆ ಇನ್ನೊಂದು ಮಗು, "ನಮ್ಮದು ಅದಕ್ಕಿಂತ ದೊಡ್ಡದು," ಎಂದಿತು. ದೊಡ್ಡವರು ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಸಾಹೇಬರು ಎಲ್ಲರಿಗಿಂತ ಜೋರಾಗಿ ಕೆಮ್ಮಿ ಅಲ್ಲೇ, ಮೆಟ್ಟಿಲ ಮೇಲೇ, ಮತ್ತೊಂದು ತುರ್ತು ಸಭೆ ಕರೆದರು. ಗಂಡ ಬೂಟು ಕೂಡ ಬಿಚ್ಚದೆ ಓಡಿದ.

ವಾಪಸು ಬಂದಾಗ ಅವನು ಬೆಳಗಿಗಿಂತ ಖುಷಿಯಲ್ಲಿದ್ದ.

"ಒಳ್ಳೇ ಸುದ್ದಿ. ನಿಷೇಧ ತೆಗೆದುಬಿಟ್ರು. ಜೀವದಯೆ ಅಂತ ಸಾಹೇಬರೇ ಹೇಳಿದ್ರು."

ಅವಳು ಎದ್ದು ನಿಂತಳು. "ಹಾಗಾದ್ರೆ ಹೋಗಿ ನನ್ನ ಅಜ್ಜೀನ ತಗೊಂಬರ್ತೀನಿ."

"ತಡಿ, ಪೂರ್ತಿ ಕೇಳು. ಈಗ ಯಾರ ಮನೇಲಿ ಎಷ್ಟಿದೆಯೋ ಅಷ್ಟು ಅಲ್ಲೇ ಇರಬಹುದು. ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸೋ ಹಾಗಿಲ್ಲ. ಹೊರಗಿಂದ ಹೊಸದು ತರೋ ಹಾಗಿಲ್ಲ. ಇರೋದು ಹೆಚ್ಚಾಗೋ ಹಾಗೂ ಇಲ್ಲ, ಹೆಚ್ಚಾದ್ರೆ ಆ ಮನೆಯವರೇ ಹೊಣೆ."

"ನಮ್ಮನೇಲಿ ಈಗ ಒಂದೂ ಇಲ್ಲ."

"ಅದೇ ಹೇಳ್ತಿರೋದು. ಈ ತಲೆನೋವೆಲ್ಲ ಇಲ್ಲದ ಮನೆ ಇಡೀ ಕಟ್ಟಡದಲ್ಲಿ ನಮ್ಮದೊಂದೇ."

"ಕೈ ಎತ್ತಿದ್ರಾ?"

ಅವನು, "ಸರ್ವಾನುಮತ," ಎಂದ. ಆಮೇಲೆ ಅವಳನ್ನು ಖುಷಿಪಡಿಸುವವನಂತೆ ಸೇರಿಸಿದ: "ಇನ್ನೊಂದು ಗೊತ್ತಾ? ನಿನ್ನನ್ನ ಸಂಘದ ಸಲಹೆಗಾರ್ತಿ ಅಂತ ಮಾಡಿದಾರೆ. ಯಾರಿಗೆ ಏನು ಅನುಮಾನ ಬಂದ್ರೂ ನಿನಗೇ ಫೋನ್ ಮಾಡ್ತಾರೆ. ನಾನೇ ನಂಬರ್ ಕೊಟ್ಟೆ."

ಅತ್ತೆ ಪೇಪರಿನ ಹಿಂದಿನಿಂದ, "ಎಲ್ಲಾ ಕೊಟ್ಟು ಬಂದೆ, ಇವಳ ನಂಬರೊಂದು ಉಳಿದಿತ್ತು," ಎಂದರು. ಅದು ಮಗನಿಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ಫೋನು ಬರತೊಡಗಿತು. ನಮ್ಮದು ಚಿಪ್ಪಿನಿಂದ ಹೊರಗೇ ಬರ್ತಿಲ್ಲ, ಸತ್ತಿದೆಯಾ? ಇಲ್ಲ, ಹೊಸ ಜಾಗ, ಸ್ವಲ್ಪ ಹೊತ್ತು ಬಿಡಿ. ಸೌತೆಕಾಯಿ ಸಿಪ್ಪೆ ಸಮೇತ ಹಾಕಬೇಕಾ? ಹಾಕಿ, ಬೇಯಿಸಿ ಹಾಕಿ. ಮೇಷ್ಟ್ರು ಕೇಳಿದರು, ಇದರ ಸುರುಳಿ ಎಡಕ್ಕೋ ಬಲಕ್ಕೋ ಎಂದು. ಅವಳು ಖಾಲಿ ತೊಟ್ಟಿಯ ಗಾಜನ್ನು ಬಟ್ಟೆಯಿಂದ ಉಜ್ಜುತ್ತಲೇ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಒಂದೊಂದಕ್ಕೂ ಉತ್ತರ ಹೇಳಿದಳು. ಕೊನೆಗೆ ಬಂದದ್ದು ಸಾಹೇಬರ ಫೋನು.

"ಅಮ್ಮಾ, ಸಣ್ಣದೊಂದು ಅನುಮಾನ. ಅದು ನೀರಿಂದ ಮೇಲಕ್ಕೆ ಹತ್ತಿ ಭರಣಿಯ ಅಂಚಲ್ಲಿ ಅಂಟ್ಕೊಂಡು ಕೂತಿದೆ. ಆಗಿಂದ ಅಲ್ಲಾಡೇ ಇಲ್ಲ. ನನ್ನನ್ನೇ ನೋಡ್ತಿದೆ ಅನ್ಸತ್ತೆ. ಕೆಳಗಿಳಿಸ್ಲಾ?"

ಅವಳ ಕೈ ಗಾಜಿನ ಮೇಲೆ ನಿಂತಿತು. ಕತ್ತಲಾಗುವ ಹೊತ್ತಿಗೆ ನೀರು ಬಿಟ್ಟು ಮೇಲೆ ಹತ್ತಿ ಕದಲದೆ ಕೂತ ಬಸವನಹುಳು ಯಾರನ್ನೂ ನೋಡುತ್ತಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ಅಲ್ಲೊಂದು ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು ಅಂಟಿರುತ್ತದೆ. ಕೆಲವು ವಾರ ಹೋದರೆ ಅಷ್ಟೂ ಮೊಟ್ಟೆ ಒಡೆದು ಭರಣಿಯ ತುಂಬ ನೂರಾರು ಸಾಸಿವೆಕಾಳುಗಳು. ಅದಕ್ಕೆ ಜೊತೆ ಬೇಕೆಂದೇನೂ ಇಲ್ಲ. ಹೆಣ್ಣು ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ಒಂಟಿಯಾಗಿಯೇ ಮೊಟ್ಟೆ ಇಡುತ್ತಿರುತ್ತದೆ. ಅಜ್ಜಿ ಮಾತ್ರವಲ್ಲ, ಇಂದು ಮೆಟ್ಟಿಲಿಳಿದು ಹೋದ ನೀಲಿ, ನೇರಳೆಗಳಲ್ಲಿ ಹೆಚ್ಚಿನವು ಹೆಣ್ಣೇ. ಗೊಂಚಲು ಕಂಡಾಗಲೆಲ್ಲ ಅವಳು ಬೇಕಾದಷ್ಟೇ ಮೊಟ್ಟೆ ಉಳಿಸಿಕೊಂಡು ಮಿಕ್ಕದ್ದನ್ನು ಫ್ರಿಜ್ಜಿನ ಮಂಜುಗಡ್ಡೆಯ ಗೂಡಿಗೆ ಹಾಕಿ, ಮರುದಿನ ಕಸಕ್ಕೆ ಸೇರಿಸುತ್ತಿದ್ದಳು. ಇಷ್ಟು ದಿನ ಸಂಸಾರ ಒಂದೇ ತೊಟ್ಟಿಯಲ್ಲಿ ಹೇಗೆ ಹಿಡಿಸಿತ್ತು ಎಂದು ಮನೆಯಲ್ಲಾಗಲಿ ಸಭೆಯಲ್ಲಾಗಲಿ ಯಾರೂ ಕೇಳಿರಲಿಲ್ಲ.

"ಅಮ್ಮಾ, ಇದ್ದೀರಾ? ಕೆಳಗಿಳಿಸ್ಲಾ?"

"ಬೇಡ ಸಾರ್. ಇಳಿಸ್ಬೇಡಿ," ಎಂದಳು. "ಅದಕ್ಕೆ ಅಲ್ಲಿ ಹಿತವಾಗಿದೆ."

"ಹಾಗಾದ್ರೆ ಎಲ್ಲ ಸರಿಯಿದೆ ಅನ್ನಿ."

"ಎಲ್ಲ ಸರಿಯಿದೆ."

"ಯಾರು? ಏನಂತೆ?" ಎಂದ ಗಂಡ, ಒಳಗಿನ ಕೋಣೆಯಿಂದ.

"ಏನಿಲ್ಲ," ಎಂದಳು ಅವಳು. ಕೇಳಿದ್ದಕ್ಕೆಲ್ಲ ತಪ್ಪದೆ ಉತ್ತರ ಕೊಡುವುದು, ಕೇಳದ್ದನ್ನು ಹೇಳದಿರುವುದು ಎಂದು ಅಷ್ಟರಲ್ಲಿ ಮನಸ್ಸಿನಲ್ಲೇ ತೀರ್ಮಾನವಾಗಿತ್ತು. ಬಟ್ಟೆ ಹಿಂಡಿ, ಗಾಜಿನ ಇನ್ನೊಂದು ಬದಿಯನ್ನು ಉಜ್ಜತೊಡಗಿದಳು.